ಮೂರನೇ ಸ್ಟಂಪ್ ಎಲ್ಲಿಂದ ಬಂತು?

ಎರಡು ಕೋಲು ನೆಟ್ಟು ಆಡ್ತಿದ್ದೀರಿ. ಬಾಲ್ ಮಧ್ಯದಲ್ಲಿ ತೂರಿ ಹೋಯ್ತು. ಔಟಾ, ನಾಟೌಟಾ? 250 ವರ್ಷದ ಹಿಂದೆ ದೊಡ್ಡವರಿಗೂ ಇದೇ ತಲೆನೋವು ಕಣ್ರೀ.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹ್ಯಾಂಬಲ್ಡನ್ ಅಂತ ಒಂದು ಹಳ್ಳಿ. ಆಗ ಲೀಗ್ ಎಲ್ಲಾ ಇರ್ಲಿಲ್ಲ, ಬಾಜಿ ಕಟ್ಟಿ ಆಡೋ ಪಂದ್ಯಗಳೇ. 1771ರಲ್ಲಿ ಚರ್ಟ್ಸಿ ತಂಡದ ಥಾಮಸ್ ವೈಟ್ ವಿಕೆಟ್‌ನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ! ಹ್ಯಾಂಬಲ್ಡನ್‌ನವರು ಪ್ರತಿಭಟಿಸಿದ್ರು. ಬ್ಯಾಟಿನ ಅಗಲಕ್ಕೆ 4¼ ಇಂಚಿನ ಮಿತಿ ಬಂತು. ಇವತ್ತಿಗೂ ಅದೇ.

ಆಗ ವಿಕೆಟ್ ಅಂದ್ರೆ ಎರಡೇ ಸ್ಟಂಪ್. 1775ರಲ್ಲಿ ಲಂಡನ್‌ನಲ್ಲಿ ಲಂಪಿ ಸ್ಟೀವನ್ಸ್ ಎಸೆದ ಬಾಲ್ ಮೂರು ಸಲ ಹ್ಯಾಂಬಲ್ಡನ್‌ನ ಜಾನ್ ಸ್ಮಾಲ್‌ನ ಸ್ಟಂಪ್‌ಗಳ ನಡುವೆ ದಾಟಿತು. ಬೇಲ್ ಬೀಳ್ಲಿಲ್ಲ, ನಾಟೌಟ್! ಹ್ಯಾಂಬಲ್ಡನ್ ಗೆದ್ದಿತು. ಆದ್ರೆ ಇದು ಬೌಲರ್‌ಗೆ ಅನ್ಯಾಯ ಅನ್ನಿಸಿ ಮೂರನೇ ಸ್ಟಂಪ್ ಬಂತು.

1777ರಲ್ಲಿ ಈ ಕ್ಲಬ್ ಕಟ್ಟಿದ ತಂಡ ಇಂಗ್ಲೆಂಡ್ ತಂಡವನ್ನೇ ಇನ್ನಿಂಗ್ಸ್ ಮತ್ತು 168 ರನ್‌ಗಳಿಂದ ಸೋಲಿಸಿತು. ಆದ್ರೆ 1787ರಲ್ಲಿ ಲಂಡನ್‌ನಲ್ಲಿ ಎಂಸಿಸಿ ಶುರುವಾಯ್ತು. ದುಡ್ಡಿದ್ದವರು ಆ ಕಡೆ ಹೋದ್ರು. 1796ರ ಹೊತ್ತಿಗೆ ಹಳೇ ಕ್ಲಬ್ ಮುಗೀತು.

ಕ್ಲಬ್ ಹೋದ್ರೂ ನಿಯಮ ಉಳೀತು. ನಿಮ್ಮೂರ ಟೀಮ್ ಜಗಳಾಡಿ ಮಾಡ್ಕೊಂಡ ರೂಲ್ ಯಾವ್ದು? ಬರೆದಿಟ್ಕೊಳ್ಳಿ, ಅದೂ ಇತಿಹಾಸಾನೇ.