ಹೆರಿಗೆಮನೆಯ ಹೊಸ್ತಿಲಲ್ಲಿ ತಂದೆ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ಮೈಸೂರು ಜಿಲ್ಲೆಯ ಪಡುವಣ ದಿಕ್ಕಿನ ಈ ನಾಲ್ಕು ಊರುಗಳಲ್ಲಿ ಯಾವುದರ ಆಸ್ಪತ್ರೆಗೇ ಆಗಲಿ, ರಾತ್ರಿಯ ಹೊತ್ತು ಒಮ್ಮೆ ಹೋಗಿ ನೋಡಬೇಕು. ಹೆರಿಗೆಯ ವಾರ್ಡಿನ ಹೊರಗೆ, ಹೆಗಲ ಮೇಲೆ ಟವೆಲು, ಕೈಯಲ್ಲೊಂದು ಫ್ಲಾಸ್ಕು ಹಿಡಿದು ಕುಳಿತ ಗಂಡಸರು ಅಲ್ಲಿ ಕಾಣುತ್ತಾರೆ. ಒಬ್ಬ ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿಯನ್ನು ತಮ್ಮನ ವಶಕ್ಕೆ ಒಪ್ಪಿಸಿ ಬಂದಿರುತ್ತಾನೆ. ಇನ್ನೊಬ್ಬ ಕೊಡಗಿನ ಕಾಫಿ ತೋಟದ ಕೂಲಿ ಬಿಟ್ಟು ಕೊನೆಯ ಬಸ್ಸು ಹಿಡಿದು ಬಂದಿರುತ್ತಾನೆ. ಒಳಗಿನಿಂದ ಯಾರದೋ ಹೆಸರು ಕೂಗಿದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಔಷಧಿ ತರಬೇಕು, ಇಲ್ಲವೆ ಕಾಗದವೊಂದಕ್ಕೆ ರುಜು ಹಾಕಬೇಕು. ರುಜುವಾದ ಮೇಲೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ನಾನೂ ಹೀಗೆ ಕುಳಿತವನೇ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ಚೀಟಿ ಹಿಡಿದು ಔಷಧಿಯ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಸುದ್ದಿ ಹೇಳಿದವಳು ಆಯಾ. “ಸ್ವಾಮಿ, ಮನೆಗೆ ಮಹಾಲಕ್ಷ್ಮಿ ಬಂದವ್ಳೆ” ಎಂದು ಕೈಯೊಡ್ಡಿ ನಿಂತಳು. ನಾನು ಜೇಬು ತಡಕಿದೆ. ಮಗಳು ಹುಟ್ಟಿದ ಗಳಿಗೆಯಲ್ಲಿ ನಾನು ಮಾಡಿದ ಕೆಲಸ ಅಷ್ಟೆ.

ಗಂಡಸು ಹೆರಿಗೆಯ ಕೋಣೆಯ ಹೊರಗೆ ನಿಲ್ಲುವುದು ಅನಾದಿಕಾಲದ ಪದ್ಧತಿ ಎಂದು ನಾವೆಲ್ಲ ನಂಬಿದ್ದೇವೆ. ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಹಾಗೆ ಕಾಣುವುದಿಲ್ಲ. ಷೋಡಶ ಸಂಸ್ಕಾರಗಳಲ್ಲಿ ಜಾತಕರ್ಮವೆಂಬುದೊಂದಿದೆ. ಮಗುವಿನ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಮುನ್ನವೇ ಅದು ನಡೆಯಬೇಕೆಂದು ಮನುಸ್ಮೃತಿಯ ವಿಧಿ. ತಂದೆಯಾದವನು ಬಂಗಾರವನ್ನು ತೇದು, ಜೇನು ತುಪ್ಪಗಳೊಡನೆ ಕೂಸಿನ ನಾಲಿಗೆಗೆ ಮುಟ್ಟಿಸಬೇಕು. ಬಳ್ಳಿ ಕತ್ತರಿಸುವ ಮುನ್ನ ಎಂದ ಮೇಲೆ ತಂದೆ ಊರಾಚೆ ಇರುವಂತಿಲ್ಲ, ಹೊಸ್ತಿಲಿನಲ್ಲಾದರೂ ಇರಲೇಬೇಕು. ಈ ವಿಧಿ ಹೇಳಿರುವುದು ಗಂಡುಮಗುವಿಗೆ, ಅದೂ ಮೇಲಿನ ಮೂರು ವರ್ಣದವರಿಗೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಮುಂದೆ ಪುರುಡಿನ ಮೈಲಿಗೆಯ ಭಾವನೆ ಬಲಿತಂತೆ ಜಾತಕರ್ಮ ಜಾರಿ ಜಾರಿ ನಾಮಕರಣದ ದಿನಕ್ಕೆ ಬಂದು ಸೇರಿತು. ತಂದೆಯ ಪಾತ್ರ ಉಳಿಯಿತು, ಅವನ ಸಮಯ ಹನ್ನೊಂದು ದಿನ ತಡವಾಯಿತು.

ಶಾಸ್ತ್ರದ ಹಂಗಿಲ್ಲದ ಜನರಲ್ಲಿ ಇನ್ನೂ ವಿಚಿತ್ರವಾದ ಆಚರಣೆಯಿತ್ತು. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ತನ್ನ ದಕ್ಷಿಣ ಭಾರತದ ಜನಜೀವನದ ಟಿಪ್ಪಣಿಗಳಲ್ಲಿ, ಕೊರವರೇ ಮೊದಲಾದವರಲ್ಲಿ ಹೆಂಡತಿ ಹೆತ್ತಾಗ ಗಂಡ ಹಾಸಿಗೆ ಹಿಡಿಯುತ್ತಿದ್ದನೆಂದು ಬರೆದಿದ್ದಾನೆ. ಮಾನವಶಾಸ್ತ್ರಜ್ಞರು ಇದಕ್ಕೆ ‘ಕೂವಾಡ್’ ಎಂಬ ಫ್ರೆಂಚ್ ಹೆಸರಿಟ್ಟು ಬಗೆಬಗೆಯ ವ್ಯಾಖ್ಯಾನ ಮಾಡಿದ್ದಾರೆ. ಅಂದಿನ ಬಿಳಿಯ ಅಧಿಕಾರಿಗಳಿಗೆ ಇದು ನಗೆಪಾಟಲಿನ ಸಂಗತಿ. ನನಗೆ ಹಾಗೆನಿಸುವುದಿಲ್ಲ. ಹುಟ್ಟಿದ ಕೂಸು ನನ್ನದೂ ಹೌದು, ನನ್ನ ಮೈಗೂ ಅದರ ನಂಟಿದೆ ಎಂದು ಸಾರುವುದಕ್ಕೆ ಆ ಜನ ಕಂಡುಕೊಂಡ ದಾರಿ ಅದು.

ಉಳಿದವರ ಮಾತು ಬೇರೆ. ನಮ್ಮ ಒಕ್ಕಲು ಮಕ್ಕಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಿಗೋ ಒಂಬತ್ತಕ್ಕೋ ಮಡಿಲು ತುಂಬಿಸಿಕೊಂಡು ಹೋದವಳು ಕೂಸಿನೊಡನೆ ಹಿಂತಿರುಗುವುದು ಮೂರು ತಿಂಗಳಿಗೋ ಐದು ತಿಂಗಳಿಗೋ. ಅಲ್ಲಿ ಸೂಲಗಿತ್ತಿಯುಂಟು, ಅವ್ವನುಂಟು, ಅಜ್ಜಿಯುಂಟು, ಎಣ್ಣೆನೀರಿನ ಹಂಡೆಯುಂಟು. ಗಂಡ ಅಲ್ಲಿರಲಿಲ್ಲ ನಿಜ. ಆದರೆ ಹೆರುವವಳು ಒಂಟಿಯಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು.

ಆಸ್ಪತ್ರೆ ಬಂತು. ಥರ್ಸ್ಟನ್ ತನ್ನ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ ಅದೇ 1906ರಲ್ಲಿ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಊರ ಜನಕ್ಕೆ ಅದು ಮಿಷನ್ ಆಸ್ಪತ್ರೆ. ಅಲ್ಲಿಯ ದಾದಿಯರು 1934ರಿಂದ ಒಂದು ಪುಣ್ಯದ ಕೆಲಸ ಮಾಡಿದರು. ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟರು. ತಾಯಿಯ ತೂಕವನ್ನೂ ಕಿಬ್ಬೊಟ್ಟೆಯ ಎಲುಬಿನ ಅಗಲವನ್ನೂ ಬರೆದಿಟ್ಟರು. ಅರುವತ್ತು ವರ್ಷಗಳ ಬಳಿಕ ವಿದ್ವಾಂಸರು ಈ ಪುಸ್ತಕಗಳನ್ನು ತೆರೆದು, ಸುತ್ತಮುತ್ತಲ ಬೀದಿಗಳಲ್ಲಿ ವಿಚಾರಿಸಿ, ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದ್ದ 517 ಮಂದಿಯನ್ನು ಪತ್ತೆಹಚ್ಚಿದರು. ಹುಟ್ಟಿದಾಗ ಚಿಕ್ಕದಾಗಿದ್ದ ಕೂಸಿಗೆ ಮುಂದೆ ಹೃದ್ರೋಗದ ಭಯ ಹೆಚ್ಚು ಎಂಬ ಅವರ ಲೇಖನ 1996ರಲ್ಲಿ ಪ್ರಕಟವಾಗಿ ಮೈಸೂರಿನ ಹೆಸರು ವೈದ್ಯಲೋಕದಲ್ಲೆಲ್ಲ ಹರಡಿತು. ಅವರಿಗೆ ಒದಗಿದ ಅಳತೆಗಳು ತಾಯಿಯವು, ಕೂಸಿನವು. ತಂದೆಯ ಅಳತೆ ತೆಗೆದುಕೊಂಡದ್ದು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸದಾಗಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ. ತಂದೆಯ ಎತ್ತರ ತೂಕಗಳಿಗೂ ಕೂಸಿಗೂ ಸಂಬಂಧವಿರಬಹುದೆಂದು ಲೆಕ್ಕಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ಆಸ್ಪತ್ರೆ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಬಾಣಂತಿ ನಂಜಿಗೆ, ರಕ್ತಸ್ರಾವಕ್ಕೆ ತಾಯಂದಿರು ತುತ್ತಾಗುತ್ತಿದ್ದ ಕಾಲವನ್ನು ಕಂಡ ಯಾರೂ ಹಳೆಯ ಕತ್ತಲೆಕೋಣೆಯನ್ನು ಹೊಗಳಲಾರರು. 1998-99ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ಶೇಕಡ 51; 2005-06ರಲ್ಲಿ 65; 2019-20ರ ಸುಮಾರಿಗೆ 97. ಒಂದೇ ತಲೆಮಾರಿನಲ್ಲಿ ಹೆರಿಗೆ ಮನೆಯನ್ನು ಬಿಟ್ಟು ಬಂತು. ಕಬಿನಿಗೆ ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಎದ್ದು, ನಾಗರಹೊಳೆ, ಬಂಡೀಪುರಗಳ ಕಾಡಿನಿಂದ ಹೊರಬಿದ್ದ ಜೇನುಕುರುಬರ, ಕಾಡುಕುರುಬರ ಹಾಡಿಗಳಲ್ಲಿಯೂ ಇದು ನಡೆಯಿತು. ಅಲ್ಲಿ 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳನ್ನು ನಡೆಸಿಕೊಂಡು ಬಂದದ್ದು ಕೋಟೆ ಸೀಮೆಯವರಿಗೆಲ್ಲ ಗೊತ್ತಿರುವ ವಿಷಯ.

ಆದರೆ ಹೆರಿಗೆಯನ್ನು ತಂದ ಹಾಗೆ ತವರನ್ನು ಆಸ್ಪತ್ರೆಯೊಳಕ್ಕೆ ತರಲಾಗಲಿಲ್ಲ. ನೋವು ತಿನ್ನುವ ಕೋಣೆಯಲ್ಲಿ ಮಂಚದ ಪಕ್ಕ ಮಂಚ. ಒಬ್ಬಳಿಗೆ ಗಂಡ ಬಂದರೆ ಪಕ್ಕದ ಮೂವರ ಮಾನದ ಗತಿಯೇನು? ಆದ್ದರಿಂದ ಗಂಡನಿಗೆ ನಿಷೇಧ. ಸೋಂಕಿನ ಭಯ, ನೂಕುನುಗ್ಗಲಿನ ಭಯಗಳಿಂದ ಅವ್ವನಿಗೂ ನಿಷೇಧ. ಹೀಗೆ ಸೂಲಗಿತ್ತಿಯ ಕಾಲದಲ್ಲಿ ಇಲ್ಲದಿದ್ದ ಒಂದು ಸ್ಥಿತಿ, ಎಂದರೆ ಹೆರುವವಳ ಒಂಟಿತನ, ನಮ್ಮ ಕಾಲದಲ್ಲಿ ಹುಟ್ಟಿಕೊಂಡಿತು. ನಾವು ಸಂಪ್ರದಾಯವೆಂದು ತಿಳಿದಿರುವ ಈ ಮುಚ್ಚಿದ ಬಾಗಿಲಿಗೆ ನಮ್ಮ ಅಜ್ಜಿಯರಷ್ಟೂ ವಯಸ್ಸಾಗಿಲ್ಲ.

ಈ ಒಂಟಿತನಕ್ಕೆ ಬೆಲೆಯೆಷ್ಟೆಂಬುದನ್ನು ವೈದ್ಯರೇ ಲೆಕ್ಕ ಹಾಕಿದ್ದಾರೆ. ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ, ಚೊಚ್ಚಲ ಬಸುರಿಯರ ಪಕ್ಕದಲ್ಲಿ ಒಬ್ಬ ಸಾಧಾರಣ ಹೆಂಗಸನ್ನು ಕೂರಿಸಿ ನೋಡಿದರು. ಆಕೆ ಅವರಿಗೆ ಬಂಧುವಲ್ಲ, ದಾದಿಯೂ ಅಲ್ಲ. ಕೈ ಹಿಡಿದುಕೊಳ್ಳುವುದು, ಬೆನ್ನು ನೀವುವುದು, ಮಾತನಾಡುವುದು, ಇಷ್ಟೇ ಆಕೆಯ ಕೆಲಸ. 1980ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಒಂಟಿಯಾಗಿದ್ದವರು ಹೆರಲು ಸರಾಸರಿ 19 ಗಂಟೆ ಹಿಡಿದರೆ ಜೊತೆಯಿದ್ದವರಿಗೆ 9 ಗಂಟೆಯೂ ಹಿಡಿಯಲಿಲ್ಲ. ಅನಂತರ ನಾನಾ ದೇಶಗಳಲ್ಲಿ ನಡೆದ ಪರೀಕ್ಷೆಗಳೂ ಈ ದಿಕ್ಕನ್ನೇ ತೋರಿಸಿವೆ. ಜೊತೆಯಿದ್ದಲ್ಲಿ ಕೊಯ್ದು ತೆಗೆಯುವ ಹೆರಿಗೆ ಕಡಿಮೆ.

ಕೇಂದ್ರದ ಆರೋಗ್ಯ ಇಲಾಖೆ 2016ರಲ್ಲಿ ರಾಜ್ಯಗಳಿಗೆ ಒಂದು ಸೂಚನೆ ಕಳುಹಿಸಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆಯ ಕೋಣೆಗೆ ಬಸುರಿಯ ಜೊತೆಗೊಬ್ಬರನ್ನು ಬಿಡಬಹುದು. ಆಕೆ ಹೆತ್ತ ಅನುಭವವುಳ್ಳ ಹೆಂಗಸಾಗಿರಬೇಕು. ಮರೆಯ ಏರ್ಪಾಡು ಸರಿಯಾಗಿರುವ ಕಡೆ ಗಂಡನನ್ನೂ ಬಿಡಬಹುದು. ಮರುವರ್ಷದ ‘ಲಕ್ಷ್ಯ’ ಯೋಜನೆಯೂ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಜೊತೆಗಾರರಿರಬೇಕೆಂದೇ ಹೇಳಿದವು. ಆ ಸೂಚನೆಯ ಕಟ್ಟಕಡೆಯ ಮಾತನ್ನು ಗಮನಿಸಿ. ತಂದೆಗೆ ಅಡ್ಡವಾಗಿರುವುದು ಧರ್ಮಶಾಸ್ತ್ರವಲ್ಲ, ಪುರುಡಿನ ಮೈಲಿಗೆಯಲ್ಲ. ಎರಡು ಮಂಚಗಳ ನಡುವೆ ಇಲ್ಲದಿರುವ ಒಂದು ಪರದೆ. ನಾಲ್ಕು ಗಜ ಬಟ್ಟೆಯ ಪ್ರಶ್ನೆ ಎಂದರೆ ಉತ್ಪ್ರೇಕ್ಷೆಯಾದೀತು. ಜಾಗ ಬೇಕು, ದಾದಿಯರು ಬೇಕು. ಆದರೂ ಪ್ರಶ್ನೆ ಆ ಜಾತಿಯದು.

ಇಲ್ಲಿ ಗಂಡಸರಾದ ನಾವು ಒಂದು ಎಚ್ಚರ ವಹಿಸಬೇಕು. ಗ್ವಾಟೆಮಾಲಾದಲ್ಲಿ ಕುಳಿತಿದ್ದವಳು ಹೆಂಗಸು. ಗಂಡನೇ ಇರಬೇಕೆಂದು ಆ ವರದಿ ಹೇಳುವುದಿಲ್ಲ. ಅಮೆರಿಕದಲ್ಲಿ 1965ರಲ್ಲಿ ರಾಬರ್ಟ್ ಬ್ರಾಡ್ಲಿ ಎಂಬ ವೈದ್ಯ ಗಂಡನೇ ಹೆರಿಗೆಯ ಗುರುವಾಗಬೇಕೆಂದು ಪುಸ್ತಕ ಬರೆದ. ನಮ್ಮ ಹೆಣ್ಣುಮಕ್ಕಳಿಗೆ ಅದೆಲ್ಲ ರುಚಿಸಬೇಕೆಂಬ ನಿಯಮವೇನಿಲ್ಲ. ಎಷ್ಟೋ ವರ್ಷದ ಮೇಲೆ ನಾನು ನನ್ನ ಹೆಂಡತಿಯನ್ನು ಕೇಳಿದೆ. “ನೀವು ಒಳಕ್ಕೆ ಬಂದಿದ್ದರೆ ನಾಚಿಕೆಯಿಂದಲೇ ಸತ್ತು ಹೋಗುತ್ತಿದ್ದೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮಮ್ಮನನ್ನಾದರೂ ಬಿಡಬೇಕಾಗಿತ್ತು. ಮಗು ಹುಟ್ಟಿದ ಮೇಲೆ ನೀವು ಬಂದಿದ್ದರೆ ಚೆನ್ನಾಗಿತ್ತು” ಎಂದಳು. ಯಾರು ಬರಬೇಕೆಂಬುದು ನೋವು ತಿನ್ನುವವಳ ಆಯ್ಕೆ. ತಂದೆಯ ಹಕ್ಕು ಆಮೇಲಿನ ಮಾತು.

ಮಗು ಹುಟ್ಟಿದ ಮೇಲೆ ಎಂದಳಲ್ಲ, ಸಾಹಿತ್ಯ ಬಲ್ಲವರಿಗೆ ಅಲ್ಲಿ ತ್ರಿವೇಣಿಯವರ ‘ಶರಪಂಜರ’ ನೆನಪಾಗದಿರದು. ಹೆತ್ತ ಮೇಲೆ ಮನಸ್ಸಿನ ಸಮತೋಲ ತಪ್ಪಿದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಇದೆ, ಮಕ್ಕಳಿದ್ದಾರೆ, ಗಂಡನೂ ಇದ್ದಾನೆ, ಆದರೆ ಅವನು ಅವಳ ಪಾಲಿಗೆ ಇಲ್ಲ. ಬಾಣಂತಿಯ ಮನೋವ್ಯಾಧಿಯನ್ನು ದೆವ್ವವೆಂದು ಕರೆಯುತ್ತಿದ್ದ ಕಾಲದಲ್ಲಿ ಅದನ್ನು ಕಾಯಿಲೆಯೆಂದು ಕನ್ನಡಿಗರಿಗೆ ತಿಳಿಯಹೇಳಿದ ಕೃತಿ ಅದು. ಅದನ್ನು ತೆರೆಗೆ ತಂದ ಪುಟ್ಟಣ್ಣನವರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ತ್ರಿವೇಣಿಯವರೇ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನ, ಹೆತ್ತ ಕೆಲವೇ ದಿನಗಳಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ಪುಸ್ತಕವನ್ನು ಓದುವಾಗಲೆಲ್ಲ ಈ ಸಂಗತಿ ನನ್ನನ್ನು ಕಾಡುತ್ತದೆ.

ಬಾಣಂತಿಯ ಕಣ್ಣಿನಲ್ಲಿ ನಿದ್ದೆಯಿಲ್ಲದ್ದನ್ನು, ಮಾತು ಹಳಿ ತಪ್ಪಿದ್ದನ್ನು ಮೊದಲು ಗುರುತಿಸಬೇಕಾದವರು ಹತ್ತಿರದವರು. ಹತ್ತಿರವಿರಲು ರಜೆ ಬೇಕು. ಕೇಂದ್ರ ಸರ್ಕಾರದ ಪುರುಷ ನೌಕರನಿಗೆ, ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದಲ್ಲಿ, 15 ದಿನಗಳ ಪಿತೃತ್ವ ರಜೆಯುಂಟು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ತಾಯಿಗೆ 26 ವಾರಗಳಾದವು. ತಂದೆಯ ಮಾತು ಅದರಲ್ಲಿರಲಿಲ್ಲ. ಇನ್ನು ಬ್ಯಾರನ್ನಿನ ಒಡೆಯನಿಗೆ ರಜೆ ಕೊಡುವವರಾರು? ಕಟ್ಟಿದ ಎಲೆಯನ್ನು ಒಳಕ್ಕೇರಿಸಿ ಬೆಂಕಿಯಿಟ್ಟ ಮೇಲೆ ನಾಲ್ಕೈದು ಹಗಲು ನಾಲ್ಕೈದು ಇರುಳು ಶಾಖದ ಹದ ತಪ್ಪದಂತೆ ಕಾಯಬೇಕು; ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ಕೂಳು ಕಪ್ಪಾಗುತ್ತದೆ. ಆದ್ದರಿಂದ ಆಷಾಢ ಶ್ರಾವಣಗಳಲ್ಲಿ ಹುಟ್ಟುವ ಹುಣಸೂರಿನ ಕೂಸುಗಳು ಅಪ್ಪನ ಮುಖವನ್ನು ಕೊಂಚ ತಡವಾಗಿಯೇ ನೋಡುತ್ತವೆ. ಅವನು ಬರುತ್ತಾನೆ, ಸಂಜೆ ನೋಡಲು ಬಿಡುವ ಹೊತ್ತಿಗೆ, ಮೈಯೆಲ್ಲ ಹೊಗೆಸೊಪ್ಪಿನ ವಾಸನೆ ಹೊತ್ತು. ಕೂಸನ್ನು ಎತ್ತಿಕೊಳ್ಳಬಹುದೋ ಬಾರದೋ ಎಂದು ದಾದಿಯ ಮುಖ ನೋಡುತ್ತ ಮಂಚದ ಕಾಲಬಳಿ ನಿಂತಿರುತ್ತಾನೆ.