ತಗಡಿನ ಕೊಳಲಿನ ಘನತೆ: ಐರಿಷ್ ಟಿನ್ ವಿಸಿಲ್ ವಾದನ ಬೆಳೆದು ಬಂದ ಬಗೆ

ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಮಕ್ಕಳ ಕೈಗೆ ಮೊದಲು ಸಿಗುವ ವಾದ್ಯ ಟಿನ್ ವಿಸಿಲ್. ಒಂದಡಿ ಉದ್ದದ ಲೋಹದ ಕೊಳವೆ, ಆರು ತೂತು, ಊದುವ ಕಡೆ ಒಂದು ಪ್ಲಾಸ್ಟಿಕ್ ಮೂತಿ, ಅಷ್ಟೇ. ಬೆಲೆ ಯಾರಿಗೂ ಭಾರವಲ್ಲ. ಕೆಲವು ವರ್ಷ ಇದನ್ನು ಊದಿ ಕೈ ಪಳಗಿದ ಮೇಲೆ ಮಕ್ಕಳು ಮರದ ಕೊಳಲಿಗೋ, ಪಿಟೀಲಿಗೋ, ಇಲ್ಲನ್ ಪೈಪ್ ಎಂಬ ತಿದಿಯ ವಾದ್ಯಕ್ಕೋ ಹೋಗುತ್ತಾರೆ. ಹಾಗಾಗಿ ಬಹುಕಾಲ ಎಲ್ಲರೂ ಈ ವಾದ್ಯವನ್ನು ಏಣಿಯಂತೆ ಕಂಡರು: ಹತ್ತುವಾಗ ಬೇಕು, ಹತ್ತಿದ ಮೇಲೆ ಬೇಡ. ಆದರೆ ಬೇರೆಲ್ಲಿಗೂ ಹೋಗದೆ ಈ ಆರು ತೂತುಗಳ ಜೊತೆಗೇ ಬಾಳಿದ ಕೆಲವರಿದ್ದಾರೆ. ಐರಿಷ್ ಟಿನ್ ವಿಸಿಲಿನ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಅವರ ಚರಿತ್ರೆ.

ತುದಿಯಿಂದ ಊದುವ ಕೊಳಲುಗಳು ಐರ್ಲೆಂಡಿಗೆ ಹೊಸವೇನಲ್ಲ. ಡಬ್ಲಿನ್ನಿನ ಹೈ ಸ್ಟ್ರೀಟಿನಲ್ಲಿ ನಡೆದ ಉತ್ಖನನದಲ್ಲಿ 12ನೇ ಶತಮಾನದ ಮೂಳೆಯ ಕೊಳಲುಗಳು ಸಿಕ್ಕಿವೆ. ಇಂದು ನಾವು ಕೇಳುವ ವಾದ್ಯ ಮಾತ್ರ ಇಂಗ್ಲೆಂಡಿನದು, ಕಾರ್ಖಾನೆಗಳ ಕಾಲದ್ದು. ಸಫೋಕ್ ಸೀಮೆಯ ಕೋನಿ ವೆಸ್ಟನ್ ಹಳ್ಳಿಯ ಕೃಷಿಕೂಲಿ ರಾಬರ್ಟ್ ಕ್ಲಾರ್ಕ್ ತವರ ಲೇಪಿಸಿದ ತಗಡನ್ನು ಶಂಕುವಿನಂತೆ ಸುತ್ತಿ, ಬಾಯಿಗೆ ಮರದ ಬಿರಡೆ ಕೂರಿಸಿ ಒಂದು ಕೊಳಲು ಮಾಡಿದ. ಅವನ ಹೆಸರಿನ ಕಂಪನಿ ಇದಕ್ಕೆ ಕೊಡುವ ಹುಟ್ಟುವರ್ಷ 1843. ಮುಂದೆ ಅವನು ಮ್ಯಾಂಚೆಸ್ಟರ್ ಬಳಿ ನೆಲೆನಿಂತು ಕಾರ್ಖಾನೆ ಹಾಕಿದ. 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿಗೆ ಬಡಿದ ಕ್ಷಾಮ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು, ಅದಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಊರು ಬಿಡಿಸಿತು. ಮ್ಯಾಂಚೆಸ್ಟರ್, ಲಿವರ್‌ಪೂಲ್‌ಗಳ ಕೂಲಿಕೇರಿಗಳು ಐರಿಷರಿಂದ ತುಂಬಿದವು. ದಿನಗೂಲಿಯವನೂ ಕೊಳ್ಳಬಹುದಾದ ವಾದ್ಯ ಅವರ ಕೈಸೇರಿ ಸಮುದ್ರದಾಚೆಗೂ ಹೋಯಿತು. ಅದರ ಇನ್ನೊಂದು ಹೆಸರು ಪೆನ್ನಿ ವಿಸಿಲ್.

ಈ ವಾದ್ಯದ ಸುಲಭವೇ ಅದರ ಕಷ್ಟವೂ ಹೌದು. ನಮ್ಮ ಬಿದಿರ ಕೊಳಲಿನಲ್ಲಿ ಗಾಳಿ ಯಾವ ಕೋನದಲ್ಲಿ ಬೀಳಬೇಕೆಂದು ತುಟಿಯೇ ಹುಡುಕಿಕೊಳ್ಳಬೇಕು. ಟಿನ್ ವಿಸಿಲಿನಲ್ಲಿ ಗಾಳಿ ಹೋಗುವ ಸೀಳು ಮೊದಲೇ ಸಿದ್ಧವಾಗಿರುತ್ತದೆ, ಮೊದಲ ದಿನವೇ ನಾದ ಬರುತ್ತದೆ. ಆದರೆ ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಇನ್ನಷ್ಟು ಊದಿದರೆ ಸ್ವರ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ, ಮೆಲ್ಲಗೆ ಊದಿದರೆ ಕುಸಿಯುತ್ತದೆ. ನಾದವನ್ನು ಹಿಗ್ಗಿಸುವ, ಕುಗ್ಗಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಕೀಲಿಗಳಿಲ್ಲ, ವ್ಯಾಪ್ತಿ ಎರಡು ಸ್ಥಾಯಿ. ಹೆಚ್ಚು ಬಳಕೆಯಲ್ಲಿರುವ ಡಿ ಶ್ರುತಿಯ ವಿಸಿಲಿನಲ್ಲಿ ಡಿ ಮತ್ತು ಜಿ ಮೇಜರ್ ಶ್ರೇಣಿಗಳು ಸಲೀಸು, ಉಳಿದವು ತ್ರಾಸು. ಭಾವವೆಲ್ಲ ಬೆರಳು, ನಾಲಿಗೆ, ಉಸಿರುಗಳ ಲೆಕ್ಕಾಚಾರದಲ್ಲೇ ಮೂಡಬೇಕು.

ಆ ಲೆಕ್ಕಾಚಾರಕ್ಕೆ 'ರೋಲ್' ಎಂಬ ಅಲಂಕಾರ ಒಳ್ಳೆಯ ಉದಾಹರಣೆ. ಒಂದು ದೀರ್ಘ ಸ್ವರ ಹಿಡಿದಿದ್ದೀರಿ ಎನ್ನಿ. ಅದರ ನಡುವೆ ಮೇಲಿನ ಬೆರಳೊಂದನ್ನು ಕ್ಷಣಮಾತ್ರ ಎತ್ತಿ ಇಳಿಸಬೇಕು, ಇದು 'ಕಟ್'. ಮರುಕ್ಷಣ ಕೆಳಗಿನ ತೂತನ್ನು ಒಮ್ಮೆ ತಟ್ಟಬೇಕು, ಇದು 'ಟ್ಯಾಪ್'. ಉಸಿರು ಮುರಿಯಬಾರದು. ಕೇಳುವವನಿಗೆ ಆ ನಡುವಿನ ಸ್ವರಗಳು ಸ್ವರಗಳಾಗಿ ಕೇಳಿಸಬಾರದು. ಒಂದೇ ಸ್ವರ ಮೂರು ಬಾರಿ ಮಿಡಿದಂತಿರಬೇಕು. ಬೆರಳು ಒಂದು ಕೂದಲೆಳೆ ತಡವಾದರೂ ಅಲಂಕಾರ ಹೋಗಿ ಅಪಸ್ವರ ಉಳಿಯುತ್ತದೆ. ತೀರ ಕೆಳಗಿನ ಸ್ವರದಲ್ಲಿ ತಟ್ಟಲು ಕೆಳಗೆ ಬೇರೆ ತೂತಿಲ್ಲವಲ್ಲ, ಅಲ್ಲಿ ಬೇರೆ ಬೇರೆ ಬೆರಳುಗಳಿಂದ ಸಾಲಾಗಿ ಕಟ್ ಹಾಕುವ 'ಕ್ರ್ಯಾನ್' ಬರುತ್ತದೆ. ರೀಲ್, ಜಿಗ್ ಮುಂತಾದ ಕುಣಿತದ ಮಟ್ಟುಗಳಿಗೆ ಇವೇ ಜೀವಾಳ.

ಕ್ರ್ಯಾನ್ ಬಂದದ್ದು ಪೈಪ್ ವಾದಕರಿಂದ. ಇಲ್ಲನ್ ಪೈಪ್ ದುಬಾರಿ, ಮಾಡುವವರೂ ಕಡಿಮೆ. ಪೈಪ್ ಸಿಗುವವರೆಗೆ ಮಟ್ಟುಗಳನ್ನು ಕಾಯ್ದುಕೊಂಡದ್ದು ತಗಡಿನ ಕೊಳಲು. ಕ್ಲೇರ್ ಸೀಮೆಯ ಮಿಲ್‌ಟೌನ್ ಮಾಲ್ಬೇ ಊರಿನ ವಿಲ್ಲಿ ಕ್ಲ್ಯಾನ್ಸಿ (1918–1973) ಹೆಸರಾಂತ ಪೈಪ್ ವಾದಕ, ಶುರುವಾಗಿದ್ದು ವಿಸಿಲಿನಿಂದ. ಅವರ ತಂದೆ ಗಿಲ್ಬರ್ಟ್, ಗ್ಯಾರೆಟ್ ಬ್ಯಾರಿ ಎಂಬ ಕುರುಡ ಪೈಪ್ ವಾದಕರಿಂದ ಪಡೆದ ಸಂಗೀತ ಹೀಗೆ ಮಗನಿಗೆ ಇಳಿಯಿತು. ಕ್ಲ್ಯಾನ್ಸಿ ತೀರಿಕೊಂಡ ವರ್ಷವೇ ಅವರ ಹೆಸರಿನಲ್ಲಿ ಶುರುವಾದ ಬೇಸಿಗೆ ಶಾಲೆಗೆ ಈಗಲೂ ಪ್ರತಿ ಜುಲೈನಲ್ಲಿ ಹಲವು ದೇಶಗಳ ವಾದಕರು ಬರುತ್ತಾರೆ.

ಅದೇ ಕ್ಲೇರ್ ಕರಾವಳಿಯಲ್ಲಿ, ಅಟ್ಲಾಂಟಿಕ್ ಕಡಲಿಗೆ ಎದುರಾಗಿರುವ ಡೂಲಿನ್ ಎಂಬ ಪುಟ್ಟ ಊರಿನ ಬಳಿ 1915ರಲ್ಲಿ ಹುಟ್ಟಿದವರು ಮಿಕೋ ರಸೆಲ್. ಸಣ್ಣ ಹಿಡುವಳಿಯ ರೈತ. ತಾಯಿ ಕನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯ ನುಡಿಸುತ್ತಿದ್ದರು, ತಂದೆ ಶಾನ್ ನೋಸ್ ಎಂಬ ಹಳೆಯ ಶೈಲಿಯಲ್ಲಿ ಹಾಡುತ್ತಿದ್ದರು. ಸಹೋದರ ಪ್ಯಾಕಿಯ ಕೈಯಲ್ಲಿ ಕನ್ಸರ್ಟಿನಾ, ಗಸಿಯ ಕೈಯಲ್ಲಿ ಕೊಳಲು. ಮಿಕೋ ವಿಸಿಲ್ ಕಲಿತದ್ದು ಕಿವಿಯಿಂದ. ಆಗ ಸಂಗೀತದ ಜಾಗ ಮನೆ: ಸಂಜೆ ಯಾರದೋ ಅಡುಗೆಮನೆಯಲ್ಲಿ ನೆರೆಹೊರೆಯವರು ಸೇರಿ ಕುಣಿಯುವುದು, ಕತೆ ಹೇಳುವುದು. 1935ರ ಸಾರ್ವಜನಿಕ ನೃತ್ಯಶಾಲೆ ಕಾಯ್ದೆ ಪರವಾನಗಿ ಇಲ್ಲದೆ ಕುಣಿತ ಏರ್ಪಡಿಸುವುದನ್ನು ತಡೆಯಿತು. ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯ ಕುಣಿತಗಳ ಮೇಲೂ ಪ್ರಯೋಗಿಸಿದರು. ಒಂದು ಪೀಳಿಗೆಯ ಸಂಗೀತ ಹೀಗೆ ಮನೆಯೊಳಗಿಂದ ಕದಲಿತು. ಡೂಲಿನ್ನಿನಲ್ಲಿ ಅದು ಉಳಿದದ್ದು ಓ'ಕಾನರ್ ಪಬ್ಬಿನ ಬೆಂಚುಗಳ ಮೇಲೆ. 1960ರ ದಶಕದ ನಂತರ ಹೊರಗಿನ ಯುವಕರು ರಸೆಲ್ ಸಹೋದರರನ್ನು ಕೇಳಲೆಂದೇ ಅಲ್ಲಿಗೆ ಬರತೊಡಗಿದರು.

ಮಿಕೋ ನುಡಿಸುವಾಗ ಅಲಂಕಾರ ಬಹಳ ಕಡಿಮೆ. ಬೇರೆಯವರು ರೋಲ್ ಹಾಕುವ ಕಡೆ ಅವರು ಸ್ವರವನ್ನು ಸುಮ್ಮನೆ ನಿಲ್ಲಿಸುತ್ತಾರೆ, ಕೆಲವೆಡೆ ಸ್ವರವನ್ನೇ ಬಿಟ್ಟುಬಿಡುತ್ತಾರೆ. ಉಸಿರು ಪುಟ್ಟ ಪುಟ್ಟ ತಳ್ಳುಗಳಲ್ಲಿ ಬರುತ್ತದೆ, ಆ ತಳ್ಳುಗಳಲ್ಲೇ ಕುಣಿಯುವವರ ಕಾಲಿಗೆ ಬೇಕಾದ ಲಯ ಇದೆ. ಮಟ್ಟು ಎರಡನೆಯ ಸಲ ತಿರುಗಿ ಬರುವಾಗ ಒಂದೆರಡು ಸ್ವರ ಬದಲಾಗಿರುತ್ತದೆ, ಗಮನಿಸದಿದ್ದರೆ ತಪ್ಪಿಹೋಗುತ್ತದೆ. ಇದನ್ನು ಸರಳ ಎಂದು ಕರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲಿ ಏನನ್ನು ಬಿಡಬೇಕೆಂದು ಗೊತ್ತಿರುವುದು ಕಲಿಕೆಯ ಕೊನೆಯ ಪಾಠ. ಸಂಗೀತದಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ. 1973ರಲ್ಲಿ, ಐವತ್ತೆಂಟರ ಪ್ರಾಯದಲ್ಲಿ, ಅವರು ಅಖಿಲ ಐರ್ಲೆಂಡ್ ಟಿನ್ ವಿಸಿಲ್ ಸ್ಪರ್ಧೆ ಗೆದ್ದರು. ಮುಂದೆ ಯುರೋಪು, ಅಮೆರಿಕಗಳಿಂದ ಕರೆ ಬಂತು. ಎಲ್ಲಿ ಹೋದರೂ ಮಟ್ಟಿಗಿಂತ ಮುಂಚೆ ಅದರ ಕತೆ ಹೇಳುತ್ತಿದ್ದರು. 1994ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಅವರು ಗೆದ್ದ ಸ್ಪರ್ಧೆಯ ಹಿಂದೆಯೂ ಒಂದು ಚಳವಳಿ ಇದೆ. 1951ರಲ್ಲಿ ಹುಟ್ಟಿದ ಕೋಲ್ತಸ್ ಕ್ಯೋಲ್ತೋರಿ ಏರನ್ ಸಂಸ್ಥೆ ಪ್ರತಿವರ್ಷ ಫ್ಲಾ ಕ್ಯೋಲ್ ಎಂಬ ಮಹಾಮೇಳ ನಡೆಸಿ, ವಿಸಿಲಿಗೆ ಅದರದೇ ಆದ ಪ್ರಶಸ್ತಿ ಇಟ್ಟಿತು. 1962ರಲ್ಲಿ ಫರ್ಮಾನಾದ ಕ್ಯಾಹಲ್ ಮೆಕಾನಲ್ ಕೊಳಲು, ವಿಸಿಲ್ ಎರಡರಲ್ಲೂ ಗೆದ್ದರು. ಅದೇ ವರ್ಷ ಡಬ್ಲಿನ್ನಿನಲ್ಲಿ ಹುಟ್ಟಿದ ಚೀಫ್‌ಟನ್ಸ್ ತಂಡದಲ್ಲಿ ಶಾನ್ ಪಾಟ್ಸ್ ವಿಸಿಲ್ ನುಡಿಸಿದರೆ, ಪ್ಯಾಡಿ ಮೊಲೋನಿ ಪೈಪ್ ಜೊತೆಗೆ ವಿಸಿಲನ್ನೂ ಹಿಡಿದರು. ಇಬ್ಬರೂ ಸೇರಿ 1970ರ ದಶಕದ ಮೊದಲರ್ಧದಲ್ಲಿ 'ಟಿನ್ ವಿಸಿಲ್ಸ್' ಎಂಬ ಧ್ವನಿಮುದ್ರಿಕೆಯನ್ನೇ ತಂದರು. ಮಕ್ಕಳ ವಾದ್ಯದ ಹೆಸರಿನಲ್ಲಿ ಪೂರ್ತಿ ಒಂದು ಎಲ್‌ಪಿ ಬರುವುದು ಆಗ ಸಣ್ಣ ಮಾತಾಗಿರಲಿಲ್ಲ.

ನಿಜವಾದ ತಿರುವು 1979ರದು. ಡಬ್ಲಿನ್ ಬಳಿಯ ಶ್ಯಾಂಕಿಲ್‌ನಲ್ಲಿ 1949ರಲ್ಲಿ ಹುಟ್ಟಿದ ಮೇರಿ ಬರ್ಗಿನ್, ಬಾಲ್ಯದಲ್ಲಿ ವಿಲ್ಲಿ ಕ್ಲ್ಯಾನ್ಸಿಯ ವಿಸಿಲ್ ಕೇಳಿ ಮರುಳಾಗಿ ಈ ವಾದ್ಯ ಹಿಡಿದವರು. 1970ರಲ್ಲಿ ಹಿರಿಯರ ವಿಭಾಗದ ಅಖಿಲ ಐರ್ಲೆಂಡ್ ಪ್ರಶಸ್ತಿ ಅವರ ಪಾಲಾಯಿತು. 1979ರಲ್ಲಿ ಗೇಲ್ ಲಿನ್ ಸಂಸ್ಥೆ ಹೊರತಂದ ಅವರ 'ಫ್ಯಾಡೋಗಾ ಸ್ಟಾನ್' ಧ್ವನಿಮುದ್ರಿಕೆಯಲ್ಲಿ ಅಲೆಕ್ ಫಿನ್ ಅವರ ಬುಝೂಕಿ ಎಂಬ ತಂತಿವಾದ್ಯ, ಜಾನಿ ಮೆಕ್‌ಡೊನಾ ಅವರ ಬೌರಾನ್ ಎಂಬ ತಮಟೆಯ ಸಾಥ್ ಇದೆ. ಉಳಿದದ್ದೆಲ್ಲ ಆ ಪುಟ್ಟ ಕೊಳವೆಯದು. ರೋಲ್‌ಗಳ ನಡುವೆ ನಾಲಿಗೆಯಿಂದ ಕತ್ತರಿಸಿದ ತ್ರಿಕಗಳು, ಸ್ಥಾಯಿ ಬದಲಾಗುವಾಗಲೂ ಅಲುಗದ ಉಸಿರು, ಎಷ್ಟೇ ವೇಗವಿದ್ದರೂ ಒಂದು ಸ್ವರವೂ ಮತ್ತೊಂದರ ಮೇಲೆ ಬೀಳದ ಸ್ವಚ್ಛತೆ. ನಿಧಾನದ ಗೀತಗಳಲ್ಲಿ ಅವರು ಶಾನ್ ನೋಸ್ ಗಾಯಕರಂತೆ ಉಸಿರು ಕಾಯುತ್ತಾರೆ. ಈ ಮುದ್ರಿಕೆಯ ನಂತರ ವಿಸಿಲ್ ಕಲಿಯುವವರಿಗೆ ಇದೇ ಅಳತೆಗೋಲಾಯಿತು. ಬರ್ಗಿನ್ ಮುಂದೆ ಗಾಲ್ವೇ ಸೀಮೆಯ ಸ್ಪಿಡಲ್‌ನಲ್ಲಿ ನೆಲೆಸಿ, ಡೋರ್ಡಾನ್ ತಂಡದಲ್ಲಿ ನುಡಿಸುತ್ತ, ಪಾಠ ಹೇಳುತ್ತ ಬಂದರು; ತಮ್ಮ ವಿದ್ಯೆಯನ್ನು ಕಲಿಕೆಯ ಪುಸ್ತಕಗಳಾಗಿಯೂ ಕೊಟ್ಟರು.

ಅವರ ಪ್ರಭಾವ ಎಷ್ಟು ದೊಡ್ಡದೆಂದರೆ, ಮಿಕೋ ರಸೆಲ್ ಶೈಲಿ ಸ್ಪರ್ಧೆಗಳಲ್ಲಿ ಹಿಂದೆ ಬಿದ್ದಿತು. ಇದು ಬರ್ಗಿನ್ ಅವರ ತಪ್ಪಲ್ಲ. ವೇಗವನ್ನು, ರೋಲ್‌ಗಳನ್ನು ಅಳೆಯುವುದು ತೀರ್ಪುಗಾರರಿಗೆ ಸುಲಭ. ಬಿಟ್ಟ ಸ್ವರಕ್ಕೆ ಅಂಕ ಕೊಡುವುದು ಕಷ್ಟ.

ವಾದ್ಯವನ್ನೇ ಬದಲಿಸಿದ ಘಟನೆಯೊಂದರ ಹಿಂದೆ ಭಾರತದ ಬಿದಿರಿದೆ. ಐರಿಷ್ ವಾದಕ ಫಿನ್ಬಾರ್ ಫ್ಯೂರಿ ಅವರ ಬಳಿ ಭಾರತದ ಒಂದು ಬಿದಿರ ಕೊಳಲಿತ್ತು, ಅವರಿಗದು ಅಚ್ಚುಮೆಚ್ಚು. ಸಂಗೀತ ಪ್ರವಾಸದಲ್ಲಿ ಅದು ಒಡೆದುಹೋಯಿತು. ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ರಿಪೇರಿಗೆ ಕೂತರು, ಆಗಲಿಲ್ಲ. ಅದರ ಬದಲು 1971ರಲ್ಲಿ ಅಲ್ಯೂಮಿನಿಯಂ ಕೊಳವೆಯಲ್ಲಿ ದೊಡ್ಡದೊಂದು ವಿಸಿಲ್ ಮಾಡಿಕೊಟ್ಟರು. ಮೊದಲನೆಯದು ಎ ಫ್ಲ್ಯಾಟ್ ಶ್ರುತಿಯದು. ಆಮೇಲೆ ಮಾಮೂಲು ವಿಸಿಲಿಗಿಂತ ಪೂರ್ತಿ ಒಂದು ಸ್ಥಾಯಿ ಕೆಳಗಿನ ಡಿ ಬಂತು. ಸುಮಾರು ಎರಡಡಿ ಉದ್ದದ ಈ 'ಲೋ ವಿಸಿಲ್'ನ ತೂತುಗಳು ಎಷ್ಟು ದೂರವೆಂದರೆ ಬೆರಳ ತುದಿ ಸಾಲದು. ಪೈಪ್ ವಾದಕರ ಹಾಗೆ ಬೆರಳಿನ ನಡುಗಣ್ಣಿನಿಂದ ಮುಚ್ಚಬೇಕು. ಉಸಿರು ತುಂಬಿದ ಅದರ ಮಂದ್ರ ನಾದವನ್ನು ಡೇವಿ ಸ್ಪಿಲೇನ್, ಬ್ರಯನ್ ಫಿನ್ನೆಗನ್, ಮೈಕೆಲ್ ಮೆಗೋಲ್ಡ್ರಿಕ್ ಮುಂತಾದವರು ಬೆಳೆಸಿದರು. ಸಿನಿಮಾಗಳಲ್ಲಿ ಕಡಲು, ಬೆಟ್ಟ, ಅಗಲಿಕೆಯ ದೃಶ್ಯ ಬಂದಾಗ ಇಂಥ ನಾದ ಕೇಳುವುದು ಈಗ ರೂಢಿಯಾಗಿದೆ.

ಗಡಿ ದಾಟಿದ ಕತೆಗಳು ಇನ್ನೂ ಇವೆ. 1950ರ ದಶಕದ ಜೊಹಾನ್ಸ್‌ಬರ್ಗಿನಲ್ಲಿ ಸ್ಪೋಕ್ಸ್ ಮಶಿಯಾನೆಯಂಥ ಕಪ್ಪು ವಾದಕರು ಇದೇ ಅಗ್ಗದ ಕೊಳಲಿನಿಂದ ಕ್ವೇಲಾ ಎಂಬ ಬೀದಿ ಸಂಗೀತ ಕಟ್ಟಿದರು. ಅದು ಬೇರೆಯೇ ಪರಂಪರೆ. ನ್ಯೂಯಾರ್ಕಿನಲ್ಲಿ ಐರಿಷ್ ವಲಸಿಗರ ಮನೆಯಲ್ಲಿ ಬೆಳೆದ ಜೋನಿ ಮ್ಯಾಡನ್ 1984ರಲ್ಲಿ ಹಿರಿಯರ ವಿಸಿಲ್ ಪ್ರಶಸ್ತಿ ಗೆದ್ದ ಮೊದಲ ಅಮೆರಿಕನ್ ಆದರು. ಲಂಡನ್ನಿನ ಪೋಗ್ಸ್ ತಂಡದಲ್ಲಿ ಸ್ಪೈಡರ್ ಸ್ಟೇಸಿ ಇದನ್ನು ಪಂಕ್ ಗದ್ದಲದ ನಡುವೆ ಊದಿದರು. ಈಗ ಬೆಳ್ಳಿ, ಹಿತ್ತಾಳೆ, ಮರಗಳಲ್ಲಿ ಕೈಯಿಂದ ಮಾಡಿದ ದುಬಾರಿ ವಿಸಿಲ್‌ಗಳೂ ಇವೆ. ಆದರೂ ನುರಿತವರಲ್ಲಿ ಬಹಳ ಮಂದಿ ಕಾರ್ಖಾನೆಯಲ್ಲಿ ತಯಾರಾದ 'ಜನರೇಷನ್' ಹೆಸರಿನ ವಿಸಿಲನ್ನೇ ನೆಚ್ಚುತ್ತಾರೆ. ಅಂಗಡಿಯಲ್ಲಿ ಒಂದೊಂದನ್ನೂ ಊದಿ ನೋಡಿ ಒಳ್ಳೆಯದನ್ನು ಆರಿಸುತ್ತಾರೆ, ಮೂತಿಯೊಳಗಿನ ಟೊಳ್ಳಿಗೆ ಚೂರು ಅಂಟು ತುಂಬಿ ನಾದ ತಿದ್ದುತ್ತಾರೆ. ಚಳಿಯಲ್ಲಿ ಉಸಿರಿನ ಹಬೆ ಸೀಳಿನಲ್ಲಿ ನೀರಾಗಿ ಕಟ್ಟದಿರಲೆಂದು ಊದುವ ಮುನ್ನ ಮೂತಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ಯುನೆಸ್ಕೊ 2017ರಲ್ಲಿ ಇಲ್ಲನ್ ಪೈಪ್ ವಾದನವನ್ನೂ 2019ರಲ್ಲಿ ಐರಿಷ್ ಹಾರ್ಪ್ ವಾದನವನ್ನೂ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡಕ್ಕೂ ಆ ಮನ್ನಣೆ ಸಲ್ಲಬೇಕಾದದ್ದೇ. ಆದರೆ ಆ ದೇಶದ ಅಸಂಖ್ಯ ಮಕ್ಕಳಿಗೆ ಮೊದಲ ಮಟ್ಟು ಕಲಿಸಿದ ತಗಡಿನ ಕೊಳಲಿಗೂ ಅಷ್ಟೇ ಗೌರವ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಓದಿದವರಲ್ಲಿ ಒಂದು ಕೋರಿಕೆ: ಒಂದೇ ಸಂಜೆ ಮೊದಲು ಮಿಕೋ ರಸೆಲ್ ಅವರನ್ನು, ಆಮೇಲೆ ಮೇರಿ ಬರ್ಗಿನ್ ಅವರ 'ಫ್ಯಾಡೋಗಾ ಸ್ಟಾನ್' ಅನ್ನು ಕೇಳಿ. ಇಬ್ಬರ ಮುದ್ರಿಕೆಗಳೂ ಸಿಗುತ್ತವೆ.