ದಿ ಕಿಲ್ಲಿಂಗ್ಸ್ ಅಟ್ ಬ್ಯಾಜರ್ಸ್ ಡ್ರಿಫ್ಟ್

ಇಂಗ್ಲೆಂಡಿನ ಹಳ್ಳಿಗಾಡಿನ ಕೊಲೆಗಳನ್ನು ಕಥಾವಸ್ತುವಾಗುಳ್ಳ ‘ಮಿಡ್‌ಸಮರ್ ಮರ್ಡರ್ಸ್’ ಟೀವಿ ಸರಣಿಯ ಮೊಟ್ಟಮೊದಲ ಕಂತು. 1997ರ ಮಾರ್ಚ್ 23ರಂದು ಐಟಿವಿ ವಾಹಿನಿಯಲ್ಲಿ ಪ್ರಸಾರವಾಯಿತು. ಕೆರೊಲಿನ್ ಗ್ರಹಾಂ 1987ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ ಇದರ ಮೂಲ. ಚಿತ್ರಕಥೆ ಆಂಟನಿ ಹೊರೊವಿಟ್ಜ್ ಅವರದು, ನಿರ್ದೇಶನ ಜೆರೆಮಿ ಸಿಲ್ಬರ್‌ಸ್ಟನ್ ಅವರದು.

ಕಥೆ ಶುರುವಾಗುವುದು ಒಂದು ಹೂವಿನಿಂದ. ಎಮಿಲಿ ಸಿಂಪ್ಸನ್ ಎಂಬ ಒಂಟಿ ಮುದುಕಿ ಅಪರೂಪದ ಸೀತಾಳೆ ಹೂವನ್ನು ಹುಡುಕುತ್ತ ಕಾಡಿಗೆ ಹೋಗುತ್ತಾಳೆ. ಇಂಥ ಹೂವನ್ನು ಯಾರು ಮೊದಲು ಕಾಣುತ್ತಾರೆಂದು ಅವಳಿಗೂ ಗೆಳತಿ ಲೂಸಿ ಬೆಲ್‌ರಿಂಜರ್‌ಗೂ ಹಳೆಯ ಪೈಪೋಟಿ. ಆದರೆ ಆ ದಿನ ಅವಳ ಕಣ್ಣಿಗೆ ಬಿದ್ದದ್ದು ಹೂವಷ್ಟೇ ಅಲ್ಲ. ಕಾಣಬಾರದ ಸ್ಥಿತಿಯಲ್ಲಿ ಇಬ್ಬರನ್ನು ಕಂಡು, ಬೆದರಿ ಮನೆಗೆ ಓಡಿಬರುತ್ತಾಳೆ. ಆಮೇಲೆ ಸಿಗುವುದು ಅವಳ ಹೆಣ. ವಯಸ್ಸಾದವಳು, ಹೋದಳು ಎಂದು ಊರು ಸುಮ್ಮನಾಗುತ್ತದೆ. ಲೂಸಿ ಮಾತ್ರ ಪೊಲೀಸ್ ಠಾಣೆಗೆ ಹೋಗಿ ಇದು ಕೊಲೆಯೇ ಎಂದು ಪಟ್ಟು ಹಿಡಿಯುತ್ತಾಳೆ. ಮುಖ್ಯ ಇನ್ಸ್‌ಪೆಕ್ಟರ್ ಟಾಮ್ ಬಾರ್ನಬಿ ಅವಳ ಮಾತಿಗೆ ಕಿವಿಗೊಡುವುದರಿಂದಲೇ ಕಥೆಗೆ ದಾರಿ ತೆರೆಯುತ್ತದೆ.

ಈ ಕಂತಿನ ಜೀವಾಳ ಪತ್ತೇದಾರನಲ್ಲ, ಐರಿಸ್ ರೇನ್‌ಬರ್ಡ್ ಮತ್ತು ಅವಳ ಮಗ ಡೆನ್ನಿಸ್. ತಾಯಿ ಮಹಡಿಯ ಕಿಟಕಿಯಲ್ಲಿ ದುರ್ಬೀನು ಹಿಡಿದು ಕೂತು ಊರವರೆಲ್ಲರ ಓಡಾಟವನ್ನು ಗಮನಿಸುವವಳು. ಮಗ ಊರಿನ ಶವಸಂಸ್ಕಾರಗಳ ವ್ಯವಸ್ಥೆ ನೋಡಿಕೊಳ್ಳುವವನು. ಸಿಕ್ಕ ಗುಟ್ಟುಗಳನ್ನು ಇಬ್ಬರೂ ಸೇರಿ ಹಣ ಕೀಳುವುದಕ್ಕೆ ಬಳಸುತ್ತಾರೆ. ಎಲಿಜಬೆತ್ ಸ್ಪ್ರಿಗ್ಸ್ ಮತ್ತು ರಿಚರ್ಡ್ ಕ್ಯಾಂಟ್ ಈ ಪಾತ್ರಗಳನ್ನು ಎಷ್ಟು ಸಿಹಿಯಾಗಿ ಆಡಿದ್ದಾರೆಂದರೆ, ತಾಯಿ ಮಗನಿಗೆ ಮುದ್ದು ಮಾಡುವುದನ್ನು ನೋಡುವಾಗಲೇ ಮೈ ಜುಮ್ಮೆನ್ನುತ್ತದೆ. ಇಬ್ಬರ ಅಂತ್ಯವೂ ಭೀಕರ. ಹೂದೋಟ, ಚಹಾದ ಬಟ್ಟಲುಗಳ ನಡುವೆ ಅಷ್ಟು ನೆತ್ತರನ್ನು ವೀಕ್ಷಕರು ನಿರೀಕ್ಷಿಸಿರಲಿಲ್ಲ.

ಕಾಡಿನಲ್ಲಿ ಕಂಡವರು ಯಾರೆಂಬುದು ಇನ್ನೂ ಕಹಿಯಾದ ಸತ್ಯ. ಗಾಲಿಕುರ್ಚಿಯಲ್ಲಿ ಕಾಲ ಕಳೆಯುವ ಶ್ರೀಮಂತ ಹೆನ್ರಿ ಟ್ರೇಸ್‌ನನ್ನು (ಜೂಲಿಯನ್ ಗ್ಲೋವರ್) ಮದುವೆಯಾಗಲು ಹೊರಟ ಕ್ಯಾಥರೀನ್ ಲೇಸಿ ಮತ್ತು ಅವಳ ಒಡಹುಟ್ಟಿದ ಮೈಕೇಲ್! ಆಗಿನ್ನೂ ಹೆಚ್ಚು ಹೆಸರಾಗಿರದ ಎಮಿಲಿ ಮಾರ್ಟಿಮರ್ ಕ್ಯಾಥರೀನ್ ಆಗಿ, ಜೊನಾಥನ್ ಫರ್ತ್ ಮೈಕೇಲ್ ಆಗಿ ನಟಿಸಿದ್ದಾರೆ. ಮುಂದಿನ ವರ್ಷಗಳಲ್ಲಿ ಸರಣಿಯ ಕೊಲೆಗಳು ಚೇಷ್ಟೆಯ ಕಡೆಗೆ ವಾಲಿದವು. ಈ ಮೊದಲ ಕಂತಿನಲ್ಲಿ ಆ ಹಗುರತನ ಕಡಿಮೆ.

ಕಾದಂಬರಿಯಿಂದ ಪರದೆಗೆ ಬರುವಾಗ ಹೆಚ್ಚು ಬದಲಾದವನು ಸಾರ್ಜೆಂಟ್ ಗ್ಯಾವಿನ್ ಟ್ರಾಯ್. ಪುಸ್ತಕದಲ್ಲಿ ಆತ ಮದುವೆಯಾದ, ಸಣ್ಣ ಮನಸ್ಸಿನ, ಎಲ್ಲರ ಮೇಲೂ ಪೂರ್ವಗ್ರಹವಿರುವ ಆಸಾಮಿ. ಡೇನಿಯಲ್ ಕೇಸಿ ಆಡಿದ ಟ್ರಾಯ್ ಒರಟುಮಾತಿನವನಾದರೂ ನಗಿಸುವ ಹುಡುಗ. ಬಾರ್ನಬಿಯ ಮಡದಿ ಜಾಯ್ಸ್‌ಳ ಕೆಟ್ಟ ಅಡುಗೆ ಮಾತ್ರ ಪುಸ್ತಕದಿಂದ ಹಾಗೆಯೇ ಬಂತು. ಕುಡುಕನೂ ಅಲ್ಲದ, ಹಳೆಯ ನೋವಿನಲ್ಲಿ ಕೊರಗುವವನೂ ಅಲ್ಲದ, ಸಂಜೆ ಮನೆಗೆ ಹೋಗಿ ಹೆಂಡತಿಯ ಅಡುಗೆಯನ್ನು ತುಟಿಪಿಟಿಕ್ಕೆನ್ನದೆ ಉಣ್ಣುವ ಪತ್ತೇದಾರ ಆ ಕಾಲದ ಟೀವಿಯಲ್ಲಿ ಅಪರೂಪ. ಆ ಪಾತ್ರಕ್ಕೆ ಬಂದ ಜಾನ್ ನೆಟಲ್ಸ್ 1981ರಿಂದ 1991ರವರೆಗೆ ‘ಬರ್ಜರಾಕ್’ ಸರಣಿಯಲ್ಲಿ ಜರ್ಸಿ ದ್ವೀಪದ ಪತ್ತೇದಾರನಾಗಿ ಮನೆಮಾತಾಗಿದ್ದರು. ಬಳಿಕ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ರಂಗಭೂಮಿಯಲ್ಲಿ ದುಡಿದಿದ್ದರು.

ಪುಸ್ತಕಗಳನ್ನು ಟೀವಿಗೆ ತಂದವರು ನಿರ್ಮಾಪಕರಾದ ಬೆಟಿ ವಿಲಿಂಗೇಲ್ ಮತ್ತು ಬ್ರಯಾನ್ ಟ್ರೂ-ಮೇ. ವಿಲಿಂಗೇಲ್ 1976ರ ‘ಐ, ಕ್ಲಾಡಿಯಸ್’ ಧಾರಾವಾಹಿಯ ಚಿತ್ರಕಥಾ ಸಂಪಾದಕಿಯಾಗಿದ್ದವರು. ಹೊರೊವಿಟ್ಜ್ ಅದಾಗಲೇ ಅಗಾಥಾ ಕ್ರಿಸ್ಟಿಯ ಪೊಯ್ರೋ ಕಥೆಗಳನ್ನು ಟೀವಿಗೆ ಅಳವಡಿಸಿ ಕೈ ಪಳಗಿಸಿಕೊಂಡಿದ್ದರು.

ಮಿಡ್‌ಸಮರ್ ಎಂಬ ಜಿಲ್ಲೆ ಭೂಪಟದಲ್ಲಿಲ್ಲ. ಬ್ಯಾಜರ್ಸ್ ಡ್ರಿಫ್ಟ್ ಎಂದು ತೋರಿಸಿದ ಊರಿನ ಭಾಗಗಳನ್ನು ಬಕಿಂಗ್‌ಹ್ಯಾಮ್‌ಶೈರಿನ ಲಿಟಲ್ ಮಿಸೆಂಡನ್‌ನಲ್ಲಿ ಚಿತ್ರೀಕರಿಸಿದರು. ಸರಣಿಯ ಪಟ್ಟಣವಾದ ಕಾಸ್ಟನ್‌ಗೆ ಆಕ್ಸ್‌ಫರ್ಡ್‌ಶೈರಿನ ವಾಲಿಂಗ್‌ಫರ್ಡ್ ಒದಗಿತು. ಜಿಮ್ ಪಾರ್ಕರ್ ಹೆಣೆದ ಶೀರ್ಷಿಕೆ ಸಂಗೀತದಲ್ಲಿ ಅಳುವ ದೆವ್ವದಂತೆ ಕೇಳುವ ದನಿ ಥೆರಮಿನ್ ವಾದ್ಯದ್ದು. ನುಡಿಸುವವರು ಅದನ್ನು ಮುಟ್ಟುವುದೇ ಇಲ್ಲ, ಗಾಳಿಯಲ್ಲಿ ಕೈಯಾಡಿಸುತ್ತಾರೆ ಅಷ್ಟೆ. ವಾಲ್ಟ್ಸ್ ಲಯದ ಆ ರಾಗ ಕೇಳಿದರೆ ಸಾಕು, ಊರು ಚೆಂದ, ಆದರೆ ಏನೋ ಸರಿಯಿಲ್ಲ ಎಂಬ ಗುಮಾನಿ ಹುಟ್ಟುತ್ತದೆ.

ಮೊದಲ ಪ್ರಸಾರವನ್ನು 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆದರೂ ಎರಡನೆಯ ಕಂತು ‘ರಿಟನ್ ಇನ್ ಬ್ಲಡ್’ ಬರಲು ಒಂದು ವರ್ಷವೇ ಹಿಡಿಯಿತು. ಗ್ರಹಾಂ ಬರೆದ ಬಾರ್ನಬಿ ಕಾದಂಬರಿಗಳು ಒಟ್ಟು ಏಳೇ. ಹೀಗಾಗಿ ಸರಣಿ ಬೇಗನೆ ಸ್ವಂತ ಕಥೆಗಳಿಗೆ ಹೊರಳಬೇಕಾಯಿತು. 2011ರಲ್ಲಿ ನೆಟಲ್ಸ್ ನಿರ್ಗಮಿಸುವ ಹೊತ್ತಿಗೆ 81 ಕಂತುಗಳಾಗಿದ್ದವು. ಆಮೇಲೆ ದಾಯಾದಿ ಸೋದರ ಜಾನ್ ಬಾರ್ನಬಿಯಾಗಿ ನೀಲ್ ಡಜನ್ ಬಂದರು.

ರೇನ್‌ಬರ್ಡ್ ತಾಯಿ-ಮಗನನ್ನು ಸರಣಿಯೂ ಮರೆಯಲಿಲ್ಲ. 2006ರ ‘ಡೆಡ್ ಲೆಟರ್ಸ್’ ಕಂತಿಗೆ ಸ್ಪ್ರಿಗ್ಸ್ ಮತ್ತು ಕ್ಯಾಂಟ್ ಮರಳಿ ಬಂದರು. ಈ ಸಲ ಸತ್ತ ಐರಿಸ್‌ಳ ಸೋದರಿಯಾಗಿ ಒಬ್ಬರು, ಆ ಸೋದರಿಯ ಮಗನಾಗಿ ಇನ್ನೊಬ್ಬರು.